ಗ್ರಂಜ್ ರಾಕ್: ಕೊಳೆಯ ಹೆಸರು, ಮಾಸದ ನೆನಪು

ಅಮೆರಿಕದ ವಾಯವ್ಯ ಮೂಲೆಯ ವಾಷಿಂಗ್ಟನ್ ರಾಜ್ಯದಲ್ಲಿ, ಮುಖ್ಯವಾಗಿ ಸಿಯಾಟಲ್ ನಗರದಲ್ಲಿ, 1980ರ ದಶಕದ ಉತ್ತರಾರ್ಧದಲ್ಲಿ ರೂಪುಗೊಂಡ ರಾಕ್ ಸಂಗೀತದ ಒಂದು ಪ್ರಕಾರವೇ ಗ್ರಂಜ್. ಪಂಕ್ ರಾಕ್‌ನ ಒರಟುತನವನ್ನೂ ಹೆವಿ ಮೆಟಲ್‌ನ ಭಾರವಾದ ಗಿಟಾರ್ ನಾದವನ್ನೂ ಬೆರೆಸಿಕೊಂಡ ಈ ಸಂಗೀತ 1991ರಿಂದ 1994ರವರೆಗಿನ ಅಲ್ಪ ಅವಧಿಯಲ್ಲಿ ಜಗತ್ತಿನಾದ್ಯಂತ ಯುವಜನರನ್ನು ಆವರಿಸಿತು. ಆ ಅಬ್ಬರ ಇಳಿದು ಮೂರು ದಶಕಗಳಾದರೂ ಅಭಿಮಾನಿಗಳ ನಡುವಿನ ವಾಗ್ವಾದ ಮಾತ್ರ ನಿಂತಿಲ್ಲ. ಯಾವ ತಂಡ ಅಸಲಿ, ಯಾವುದು ನಕಲಿ, ಗ್ರಂಜ್ ಸತ್ತದ್ದು ಯಾವಾಗ, ಕೊಂದವರು ಯಾರು ಎಂಬ ಪ್ರಶ್ನೆಗಳಿಗೆ ಒಬ್ಬೊಬ್ಬರದು ಒಂದೊಂದು ಉತ್ತರ.

ಜಗಳ ಹೆಸರಿನಿಂದಲೇ ಆರಂಭವಾಗುತ್ತದೆ. ಇಂಗ್ಲಿಷ್ ಆಡುಮಾತಿನಲ್ಲಿ ಗ್ರಂಜ್ ಎಂದರೆ ಕೊಳೆ, ಜಿಡ್ಡು. 1981ರಲ್ಲಿ ಮಾರ್ಕ್ ಆರ್ಮ್ ಎಂಬ ತರುಣ ಸಿಯಾಟಲ್‌ನ ಸಣ್ಣ ಪತ್ರಿಕೆಯೊಂದಕ್ಕೆ ಬರೆದ ಪತ್ರದಲ್ಲಿ ತಮ್ಮದೇ ತಂಡವನ್ನು ಹೀಗಳೆಯಲು ಈ ಪದವನ್ನು ಬಳಸಿದ್ದರು. ಮುಂದೆ ಅವರು ಹಾಡುಗಾರರಾಗಿದ್ದ ಗ್ರೀನ್ ರಿವರ್ ತಂಡದ ಧ್ವನಿಮುದ್ರಿಕೆಯನ್ನು 1987ರಲ್ಲಿ ಹೊರತಂದ ಸಬ್ ಪಾಪ್ ಕಂಪನಿ ಅದೇ ಪದವನ್ನು ಹೊಗಳಿಕೆಯಾಗಿ ತನ್ನ ಮಾರಾಟದ ಪಟ್ಟಿಯಲ್ಲಿ ಅಚ್ಚು ಹಾಕಿತು. ಬೈಗುಳ ಜಾಹೀರಾತಾದದ್ದು ಹೀಗೆ. ಹಣೆಪಟ್ಟಿ ಹಚ್ಚಿಸಿಕೊಂಡ ಬಹುತೇಕ ತಂಡಗಳಿಗೆ ಅದು ಹಿಡಿಸಲಿಲ್ಲ. ಸೌಂಡ್‌ಗಾರ್ಡನ್ ಮತ್ತು ಆಲಿಸ್ ಇನ್ ಚೈನ್ಸ್ ಮೆಟಲ್‌ಗೆ ಹತ್ತಿರ, ಪರ್ಲ್ ಜ್ಯಾಮ್ 1970ರ ದಶಕದ ರಾಕ್‌ಗೆ ಹತ್ತಿರ. ನಮ್ಮ ಪದವನ್ನೇ ಹೆಸರಾಗಿಸಿಕೊಂಡ ನಿರ್ವಾಣ ತಂಡವೋ ಪಂಕ್ ಆರ್ಭಟದೊಳಗೆ ಇಂಪಾದ ಧಾಟಿಗಳನ್ನು ಅಡಗಿಸಿಟ್ಟಿತು. ಹೀಗಾಗಿ ಗ್ರಂಜ್ ಎಂಬುದು ನಾದದ ಹೆಸರಲ್ಲ, ಊರಿನ ಹೆಸರು ಎಂದು ವಾದಿಸುವವರಿದ್ದಾರೆ. ವಾದದಲ್ಲಿ ಹುರುಳಿದೆ.

ಆದರೂ ಸಮಾನ ಅಂಶಗಳು ಇಲ್ಲದಿಲ್ಲ. ಗಿಟಾರಿನ ಅತಿ ದಪ್ಪ ತಂತಿಯನ್ನು ಒಂದು ಸ್ವರದಷ್ಟು ಸಡಿಲಿಸಿ ಇನ್ನಷ್ಟು ಮಂದ್ರವಾದ ನಾದವನ್ನು ಹೊರಡಿಸುವ ಕ್ರಮ ಅವುಗಳಲ್ಲೊಂದು. ಈ ಶ್ರುತಿಯ ಗುಟ್ಟನ್ನು ಮೆಲ್ವಿನ್ಸ್ ತಂಡದ ಬಜ್ ಆಸ್ಬರ್ನ್ ಅವರಿಂದ ತಿಳಿದು ಬೆಳೆಸಿದವರು ಸೌಂಡ್‌ಗಾರ್ಡನ್‌ನ ಗಿಟಾರ್ ವಾದಕ ಕಿಮ್ ತಾಯಿಲ್. ಸಿಯಾಟಲ್‌ನಲ್ಲಿ 1960ರಲ್ಲಿ ಜನಿಸಿದ ತಾಯಿಲ್, ಕೇರಳ ಮೂಲದ ದಂಪತಿಯ ಮಗ. ಭಾರತದ ರಾಕ್ ಅಭಿಮಾನಿಗಳಲ್ಲಿಯೂ ಇದನ್ನು ತಿಳಿಯದವರು ಹಲವರಿದ್ದಾರೆ ಎಂಬುದು ಸೋಜಿಗ.

1991ಕ್ಕೆ ಮುಂಚಿನ ಸಿಯಾಟಲ್ ಅನ್ನು ಕಂಡ ಅಭಿಮಾನಿಗಳ ನೆನಪೇ ಬೇರೆ. ದೊಡ್ಡ ತಂಡಗಳು ಆ ದೂರದ ಊರಿನತ್ತ ಸುಳಿಯುತ್ತಿದ್ದುದು ಅಪರೂಪ. 1985ರಲ್ಲಿ ನಗರಾಡಳಿತ ಹದಿಹರೆಯದವರ ನೃತ್ಯಕೂಟಗಳಿಗೆ ಕಟ್ಟಳೆ ವಿಧಿಸಿ, ಹತ್ತು ಲಕ್ಷ ಡಾಲರ್‌ಗಳ ವಿಮೆಯನ್ನು ಕಡ್ಡಾಯಗೊಳಿಸಿತು. ಅದು ರದ್ದಾದದ್ದು 2002ರಲ್ಲಿ. ಉಳಿದದ್ದು ಇಕ್ಕಟ್ಟಾದ ಕ್ಲಬ್‌ಗಳು. ವೇದಿಕೆಯ ಮೇಲಿದ್ದವರು ಕೆಳಗಿಳಿದರೆ ಶ್ರೋತೃಗಳು, ಕೆಳಗಿದ್ದವರು ಮೇಲೇರಿದರೆ ವಾದಕರು ಎಂಬಂತಿದ್ದ ವಾತಾವರಣವನ್ನು ಛಾಯಾಗ್ರಾಹಕ ಚಾರ್ಲ್ಸ್ ಪೀಟರ್ಸನ್ ಅವರ ಕಪ್ಪು ಬಿಳುಪು ಚಿತ್ರಗಳು ಹಿಡಿದಿಟ್ಟಿವೆ. ಖರ್ಚೂ ಅಷ್ಟಕ್ಕಷ್ಟೇ. ನಿರ್ವಾಣದ ಮೊದಲ ಆಲ್ಬಂ ‘ಬ್ಲೀಚ್’ (1989) ಅನ್ನು ಜ್ಯಾಕ್ ಎಂಡಿನೊ ಅವರು 606 ಡಾಲರು ಚಿಲ್ಲರೆಯಲ್ಲಿ ಮುದ್ರಿಸಿ ಮುಗಿಸಿದರು. ಆ ಹಣ ಕೊಟ್ಟ ಜೇಸನ್ ಎವರ್ಮನ್ ಅವರ ಹೆಸರು, ಅವರು ಅದರಲ್ಲಿ ಒಂದು ಸ್ವರವನ್ನೂ ನುಡಿಸದಿದ್ದರೂ, ವಾದಕರ ಪಟ್ಟಿಯಲ್ಲಿ ಸೇರಿತು!

ಎರಡನೆಯ ಗುಂಪಿನ ಅಭಿಮಾನಿಗಳು ಬಂದದ್ದು ಟಿವಿಯ ಮೂಲಕ. 1991ರ ಆಗಸ್ಟ್‌ನಲ್ಲಿ ಪರ್ಲ್ ಜ್ಯಾಮ್‌ನ ‘ಟೆನ್’, ಸೆಪ್ಟೆಂಬರ್ 24ರಂದು ನಿರ್ವಾಣದ ‘ನೆವರ್‌ಮೈಂಡ್’ ಬಿಡುಗಡೆಯಾದವು. ‘ನೆವರ್‌ಮೈಂಡ್’ನ ಸುಮಾರು 46 ಸಾವಿರ ಪ್ರತಿಗಳನ್ನಷ್ಟೇ ಕಂಪನಿ ಮೊದಲಿಗೆ ಅಮೆರಿಕದ ಅಂಗಡಿಗಳಿಗೆ ಕಳುಹಿಸಿತ್ತು. 1992ರ ಜನವರಿಯಲ್ಲಿ ಅದೇ ಆಲ್ಬಂ ಮೈಕಲ್ ಜಾಕ್ಸನ್ ಅವರ ‘ಡೇಂಜರಸ್’ ಅನ್ನು ಕೆಳಗಿಳಿಸಿ ಬಿಲ್‌ಬೋರ್ಡ್ ಪಟ್ಟಿಯ ಮೊದಲ ಸ್ಥಾನಕ್ಕೇರಿತು. ಹಳಬರಿಗೆ ಇದು ತಮ್ಮ ಮನೆಯ ಕೀಲಿಕೈ ಊರವರ ಕೈಗೆ ಹೋದಂತೆ. ಟಿವಿಯಲ್ಲಿ ಕಂಡು ಮರುಳಾದ ಬೇರೆ ಊರಿನ ಹುಡುಗ ಹುಡುಗಿಯರಿಗೋ, ಥಳಕು ಉಡುಪಿನ ರಾಕ್ ತಾರೆಯರ ನಡುವೆ ಮೊದಲ ಬಾರಿಗೆ ತಮ್ಮಂಥವರೇ ಕಾಣಿಸಿಕೊಂಡಂತೆ. ಇಬ್ಬರ ಮಾತೂ ನಿಜ. ಆದರೆ ಹಳಬರು ಹೊಸಬರನ್ನು ಹೀಗಳೆಯುವುದು ಈ ಲೇಖಕನಿಗೆ ಒಪ್ಪಿಗೆಯಿಲ್ಲ. ಹಾಡು ಕೇಳಲು ಊರಿನ ವಿಳಾಸ ಬೇಕಿಲ್ಲ.

ಹಿಂದೆಯೇ ಮಾರುಕಟ್ಟೆಯೂ ಬಂತು. ಚಳಿ ತಡೆಯಲು ತೊಡುತ್ತಿದ್ದ ಚೌಕಳಿ ಫ್ಲ್ಯಾನೆಲ್ ಅಂಗಿ 1992ರ ನವೆಂಬರ್‌ನಲ್ಲಿ ವಿನ್ಯಾಸಕ ಮಾರ್ಕ್ ಜೇಕಬ್ಸ್ ಅವರ ಪ್ರದರ್ಶನದ ಮೂಲಕ ನ್ಯೂಯಾರ್ಕ್‌ನ ಫ್ಯಾಷನ್ ವೇದಿಕೆಯನ್ನೇರಿತು. ಅದೇ ತಿಂಗಳು ‘ನ್ಯೂಯಾರ್ಕ್ ಟೈಮ್ಸ್’ ಪತ್ರಿಕೆ ಗ್ರಂಜ್ ಪ್ರಿಯರ ಗುಟ್ಟಿನ ಭಾಷೆಯ ಪದಕೋಶವೊಂದನ್ನು ಪ್ರಕಟಿಸಿತು. ಸಬ್ ಪಾಪ್ ಕಚೇರಿಯಲ್ಲಿ ಹಿಂದೆ ಸ್ವಾಗತಕಾರಿಣಿಯಾಗಿದ್ದ ಮೇಗನ್ ಜ್ಯಾಸ್ಪರ್ ದೂರವಾಣಿಯಲ್ಲಿ ಬಾಯಿಗೆ ಬಂದಂತೆ ಸೃಷ್ಟಿಸಿ ಹೇಳಿದ ಪದಗಳವು! ಗುಟ್ಟು ರಟ್ಟಾದದ್ದು ಮರುವರ್ಷ. ಅಭಿಮಾನಿಗಳು ಇಂದಿಗೂ ಅತಿ ಹೆಚ್ಚು ಮೆಲುಕು ಹಾಕುವ ಪ್ರಸಂಗವಿದು. ಜ್ಯಾಸ್ಪರ್ ಮುಂದೆ ಸಬ್ ಪಾಪ್‌ನ ಮುಖ್ಯಸ್ಥೆಯೇ ಆದರು.

ಅಸಲಿ ನಕಲಿಗಳ ವಿವಾದದಲ್ಲಿ ಹೆಚ್ಚು ಪೆಟ್ಟು ತಿಂದದ್ದು ಕ್ಯಾಲಿಫೋರ್ನಿಯಾದ ಸ್ಟೋನ್ ಟೆಂಪಲ್ ಪೈಲಟ್ಸ್ ತಂಡ. 1994ರ ಜನವರಿಯಲ್ಲಿ ‘ರೋಲಿಂಗ್ ಸ್ಟೋನ್’ ಪತ್ರಿಕೆಯ ಓದುಗರು ಇದನ್ನು ಅತ್ಯುತ್ತಮ ಹೊಸ ತಂಡವೆಂದು ಆರಿಸಿದರೆ, ಅದೇ ಪತ್ರಿಕೆಯ ವಿಮರ್ಶಕರು ಅತಿ ಕೆಟ್ಟ ಹೊಸ ತಂಡವೆಂದು ತೀರ್ಪಿತ್ತರು. ಕಾಲ ಸರಿದಂತೆ ಓದುಗರ ಕಡೆಗೇ ತಕ್ಕಡಿ ವಾಲಿದೆ.

ಅಭಿಮಾನಿಗಳ ಜೇಬಿಗೆ ನೇರ ಸಂಬಂಧಿಸಿದ ಹೋರಾಟವೊಂದನ್ನು ಇಲ್ಲಿ ಹೇಳಲೇಬೇಕು. ಟಿಕೆಟ್ ದರ 20 ಡಾಲರ್‌ಗಳನ್ನು ಮೀರಬಾರದೆಂದು ಹಟ ಹಿಡಿದ ಪರ್ಲ್ ಜ್ಯಾಮ್, ಟಿಕೆಟ್‌ಮಾಸ್ಟರ್ ಕಂಪನಿಯ ಏಕಸ್ವಾಮ್ಯದ ವಿರುದ್ಧ 1994ರಲ್ಲಿ ಅಮೆರಿಕದ ನ್ಯಾಯ ಇಲಾಖೆಗೆ ದೂರಿತ್ತಿತು. ಆ ವರ್ಷದ ಜೂನ್ 30ರಂದು ತಂಡದ ಸ್ಟೋನ್ ಗೊಸಾರ್ಡ್ ಮತ್ತು ಜೆಫ್ ಅಮೆಂಟ್ ಸಂಸತ್ತಿನ ಉಪಸಮಿತಿಯ ಮುಂದೆ ಸಾಕ್ಷ್ಯ ನುಡಿದರು. ಮರುವರ್ಷ ಇಲಾಖೆ ತನಿಖೆಯನ್ನು ಕೈಬಿಟ್ಟಿತು, ತಂಡ ಸೋತಿತು. 2024ರ ಮೇ ತಿಂಗಳಲ್ಲಿ ಅದೇ ಇಲಾಖೆ ಟಿಕೆಟ್‌ಮಾಸ್ಟರ್ ಮತ್ತು ಅದರ ಮಾತೃಸಂಸ್ಥೆಯ ಮೇಲೆ ಮೊಕದ್ದಮೆ ಹೂಡಿದ್ದನ್ನು ಕಂಡಾಗ ಹಳೆಯ ಅಭಿಮಾನಿಗಳಿಗೆ ಏನನ್ನಿಸಿರಬಹುದೆಂದು ಊಹಿಸಬಹುದು.

ಇನ್ನು ಸಾವುಗಳು. ನಿರ್ವಾಣದ ಕರ್ಟ್ ಕೊಬೇನ್ 1994ರ ಏಪ್ರಿಲ್ 5ರಂದು ತಮ್ಮ 27ನೇ ವಯಸ್ಸಿನಲ್ಲಿ ಆತ್ಮಹತ್ಯೆ ಮಾಡಿಕೊಂಡರು. ಸುದ್ದಿ ಹೊರಬಿದ್ದದ್ದು 8ರಂದು. ಅಭಿಮಾನಿಗಳಿಗೆ ಆ ದಿನ ತಾವು ಎಲ್ಲಿದ್ದೆವೆಂಬುದು ನೆನಪಿದೆ. ಅವರ ಮನೆಯ ಪಕ್ಕದ ವಿರೆಟಾ ಉದ್ಯಾನದ ಬೆಂಚುಗಳೇ ಸ್ಮಾರಕವಾಗಿ, ಬರೆಹಗಳಿಂದ ತುಂಬಿಹೋಗಿವೆ. ಆಲಿಸ್ ಇನ್ ಚೈನ್ಸ್‌ನ ಲೇನ್ ಸ್ಟೇಲಿ 2002ರಲ್ಲಿ, ಅದೇ ಏಪ್ರಿಲ್ 5ರಂದು ಮಾದಕ ದ್ರವ್ಯಕ್ಕೆ ಬಲಿಯಾದರು. ಸೌಂಡ್‌ಗಾರ್ಡನ್‌ನ ಕ್ರಿಸ್ ಕಾರ್ನೆಲ್ 2017ರ ಮೇನಲ್ಲಿ ಡೆಟ್ರಾಯಿಟ್‌ನಲ್ಲಿ ಕಛೇರಿ ಮುಗಿಸಿದ ರಾತ್ರಿಯೇ ಸಾವಿಗೆ ಶರಣಾದರು. ಈ ದುರಂತಗಳ ನೆರಳು ಸಂಗೀತವನ್ನೇ ನುಂಗಿದೆ ಎಂಬ ಅಸಮಾಧಾನ ಹಲವು ಅಭಿಮಾನಿಗಳಲ್ಲಿದೆ, ಅದು ಸಕಾರಣವಾದದ್ದು. ಶೋಕದಲ್ಲಿಯೂ ತಾರತಮ್ಯವುಂಟು. ದಿ ಗಿಟ್ಸ್ ತಂಡದ ಗಾಯಕಿ ಮಿಯಾ ಝಪಾಟಾ 1993ರ ಜುಲೈನಲ್ಲಿ ಸಿಯಾಟಲ್‌ನಲ್ಲಿ ಕೊಲೆಯಾದರು. ಗೆಳತಿಯರು ಮಹಿಳೆಯರಿಗೆ ಆತ್ಮರಕ್ಷಣೆ ಕಲಿಸಲು ‘ಹೋಮ್ ಅಲೈವ್’ ಎಂಬ ಸಂಸ್ಥೆಯನ್ನೇ ಕಟ್ಟಿದರು. ಡಿಎನ್‌ಎ ಪುರಾವೆಯಿಂದ ಅಪರಾಧಿಗೆ ಶಿಕ್ಷೆಯಾಗಲು 2004ರವರೆಗೆ ಕಾಯಬೇಕಾಯಿತು. ಗ್ರಂಜ್ ಕುರಿತ ಜನಪ್ರಿಯ ಕಥನಗಳಲ್ಲಿ ಅವರ ಹೆಸರು ಹೆಚ್ಚೆಂದರೆ ಒಂದು ಸಾಲು.

ಬದುಕಿ ಉಳಿದವರ ಕಥೆ ಅಷ್ಟು ರೋಚಕವಲ್ಲ, ಹಾಗಾಗಿ ಅದನ್ನು ಹೇಳುವವರೂ ಕಡಿಮೆ. ಬೈಗುಳದ ಪದವನ್ನು 1981ರಲ್ಲೇ ಬಳಸಿದ ಮಾರ್ಕ್ ಆರ್ಮ್ ತಮ್ಮ ಮಡ್‌ಹನಿ ತಂಡವನ್ನು ಬಿಡಲಿಲ್ಲ. ಕೋಟಿಗಟ್ಟಲೆ ಡಾಲರುಗಳ ಭಾಗ್ಯ ಅವರ ಪಾಲಿಗೆ ಬರಲಿಲ್ಲ. ವರ್ಷಗಳ ಕಾಲ ಸಬ್ ಪಾಪ್‌ನ ಗೋದಾಮಿನ ಉಸ್ತುವಾರಿ ನೋಡಿಕೊಂಡು, ರಜೆ ಸಿಕ್ಕಾಗ ಪ್ರವಾಸ ಹೊರಟು ಹಾಡಿದರು. ಅವರ ತಂಡ 2023ರ ಏಪ್ರಿಲ್‌ನಲ್ಲಿ ‘ಪ್ಲಾಸ್ಟಿಕ್ ಎಟರ್ನಿಟಿ’ ಎಂಬ ಆಲ್ಬಂ ಅನ್ನು ಅದೇ ಸಬ್ ಪಾಪ್ ಮೂಲಕ ಹೊರತಂದಿತು.