ನಂಬಿಗಸ್ತ ಎಂಬ ಮಾತು

ಕೆಲವು ಮಾತುಗಳನ್ನು ನಮ್ಮ ಬಗ್ಗೆ ನಾವೇ ಹೇಳಿಕೊಳ್ಳಲು ಬರುವುದಿಲ್ಲ. ‘ನಂಬಿಗಸ್ತ’ ಅಂಥ ಒಂದು ಮಾತು. ‘ನಾನು ದೇವರನ್ನು ನಂಬಿದವನು’ ಎಂದು ಯಾರು ಬೇಕಾದರೂ ಹೇಳಬಹುದು, ಯಾರೂ ಸಾಕ್ಷಿ ಕೇಳುವುದಿಲ್ಲ. ‘ನಾನು ನಂಬಿಗಸ್ತ’ ಎಂದು ನೋಡಿ, ಎದುರಿಗಿದ್ದವರು ಮುಖ ಮುಖ ನೋಡಿಕೊಳ್ಳುತ್ತಾರೆ. ಆ ಮಾತು ಇನ್ನೊಬ್ಬರ ಬಾಯಿಂದ ಬರಬೇಕು. ಅದೂ ಬೀಗದ ಕೈಯನ್ನೋ ದುಡ್ಡನ್ನೋ ಮಗುವನ್ನೋ ಒಮ್ಮೆ ನಮ್ಮ ಕೈಗೆ ಒಪ್ಪಿಸಿ ನೋಡಿದವರ ಬಾಯಿಂದ. ನಂಬುವುದು ನನ್ನ ಕೆಲಸ, ನಾನು ನಂಬಿಗಸ್ತನೋ ಅಲ್ಲವೋ ಎಂಬ ತೀರ್ಪು ಮಾತ್ರ ನನ್ನ ಕೈಯಲ್ಲಿಲ್ಲ.

ಸಂಸಾರಸ್ಥ, ಅನುಕೂಲಸ್ಥ ಎಂಬ ಮಾತುಗಳ ಜೊತೆಗೆ ಸೇರಿಸಿ ಕೆಲವರು ಇದನ್ನು ‘ನಂಬಿಗಸ್ಥ’ ಎಂದು ಮಹಾಪ್ರಾಣ ಹಾಕಿ ಬರೆಯುತ್ತಾರೆ. ಆಡುವವರ ಬಾಯಲ್ಲಿ ಅದು ನಂಬಿಗಸ್ತವೇ. ಅದರಿಂದ ಹುಟ್ಟಿದ ನಂಬಿಗಸ್ತಿಕೆ ಎಂಬುದಕ್ಕೆ ನೆಂಟಸ್ತಿಕೆ, ದೊಡ್ಡಸ್ತಿಕೆಗಳ ದನಿ ಇದೆ. ಈ ಮಾತಿನ ಓಡಾಟವೆಲ್ಲ ಅಂಗಡಿ, ತೋಟ, ಅಡುಗೆಮನೆಗಳಲ್ಲಿ. ನಂಬಿಗಸ್ತ ಆಳು, ನಂಬಿಗಸ್ತ ಡ್ರೈವರ್, ಗಲ್ಲಾದ ಮೇಲೆ ಕೂರಿಸಲು ಒಬ್ಬ ನಂಬಿಗಸ್ತ ಹುಡುಗ, ಊರಿಗೆ ಹೋದಾಗ ಮನೆ ಬಿಟ್ಟು ಹೋಗಲು ಒಬ್ಬ ನಂಬಿಗಸ್ತ ಹೆಂಗಸು, ಕೊನೆಗೆ ಬಾಗಿಲಲ್ಲಿ ಮಲಗುವ ನಂಬಿಗಸ್ತ ನಾಯಿ. ಎಲ್ಲರೂ ಕೆಳಗಿರುವವರೇ. ಧಣಿಯನ್ನು ನಂಬಿಗಸ್ತ ಎಂದವರನ್ನು ನಾನು ಕಂಡಿಲ್ಲ. ಧಣಿ ಉದಾರಿ, ಧರ್ಮಾತ್ಮ, ದೊಡ್ಡ ಮನಸ್ಸಿನವರು. ಅವರ ಮೇಲೆ ನಂಬಿಕೆ ಇಡಬಹುದೇ ಎಂಬ ಪ್ರಶ್ನೆಯನ್ನು ಆಳಾದವನು ಕೇಳುವ ಹಾಗೇ ಇಲ್ಲ. ಪರೀಕ್ಷೆ ಯಾವಾಗಲೂ ಮೇಲಿನಿಂದ ಕೆಳಕ್ಕೆ.

ಈ ಮಾತಿನ ದಿಕ್ಕು ತಿರುಗಿದ್ದು ಕನ್ನಡ ಬೈಬಲಿನಲ್ಲಿ. ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸ್ 1810ರಲ್ಲಿ ಬಳ್ಳಾರಿಗೆ ಬಂದು ನೆಲೆಸಿದರು. ಅವರೂ ಅವರ ಜೊತೆಗಾರರೂ ವರ್ಷಗಟ್ಟಲೆ ದುಡಿದು ಪೂರ್ತಿ ಬೈಬಲನ್ನು ಕನ್ನಡಕ್ಕೆ ತಂದದ್ದು 1831ರಲ್ಲಿ. ಆಮೇಲೆ ಅದು ಎಷ್ಟೋ ಕೈಗಳಲ್ಲಿ ತಿದ್ದಿಸಿಕೊಂಡಿತು. ಹೊಸ ಒಡಂಬಡಿಕೆಯ ಮೂಲ ಗ್ರೀಕ್. ಅಲ್ಲಿ ‘ಪಿಸ್ತೊಸ್’ ಎಂಬ ಒಂದೇ ಪದ ನಂಬುವವನಿಗೂ ಸಲ್ಲುತ್ತದೆ, ನಂಬಲು ತಕ್ಕವನಿಗೂ ಸಲ್ಲುತ್ತದೆ. ಕನ್ನಡ ಇವೆರಡನ್ನು ಬೇರೆ ಮಾಡಿ, ಎರಡನೆಯದಕ್ಕೆ ಆಳಿನ ಮಾತನ್ನೇ ಎತ್ತಿಕೊಂಡಿತು. ಯಜಮಾನನ ಹಣವನ್ನು ಜೋಪಾನ ಮಾಡಿ ಬೆಳೆಸಿದ ಆಳುಗಳ ಸಾಮ್ಯ ಮತ್ತಾಯನ 25ನೇ ಅಧ್ಯಾಯದಲ್ಲಿದೆ. ಅಲ್ಲಿ ಆ ಆಳು ನಂಬಿಗಸ್ತ. ಅದರಲ್ಲಿ ಹೊಸದೇನಿಲ್ಲ. ಪೌಲನು ಕೊರಿಂಥದವರಿಗೆ ಬರೆದ ಮೊದಲನೆಯ ಪತ್ರಕ್ಕೆ ಬಂದರೆ ಅದೇ ಮಾತು ದೇವರಿಗೆ ಸಲ್ಲುತ್ತದೆ. ದೇವರು ಸರ್ವಶಕ್ತ, ಪರಿಶುದ್ಧ ಎಂದಷ್ಟೇ ಅಲ್ಲ, ದೇವರು ನಂಬಿಗಸ್ತ. ಮನೆ ಬೀಗದ ಕೈ ಕೊಡಬಹುದಾದ ಹೆಂಗಸಿಗೆ ಆಡುವ ಮಾತನ್ನೇ ಲೋಕವನ್ನು ಉಂಟುಮಾಡಿದವನಿಗೂ ಆಡಿದ ಧೈರ್ಯವನ್ನು ನೆನೆದಾಗೆಲ್ಲ ನನಗೆ ಮೈ ಜುಮ್ಮೆನ್ನುತ್ತದೆ. ಧಣಿಗೂ ಈ ಮಾತು ಅನ್ವಯಿಸುತ್ತದೆ, ಎಲ್ಲರಿಗಿಂತ ದೊಡ್ಡ ಧಣಿಗೇ ಅನ್ವಯಿಸುತ್ತದೆ ಎಂದಾಯಿತಲ್ಲ.

ನಮ್ಮ ಪ್ರಾಟೆಸ್ಟಂಟ್ ಸಭೆಗಳಲ್ಲಿ ಇದು ದಿನನಿತ್ಯದ ಮಾತು. (ಕಥೋಲಿಕರಲ್ಲಿ ‘ವಿಶ್ವಾಸ’ ಹೆಚ್ಚು ಬಳಕೆ.) ಪ್ರಾರ್ಥನೆ ಶುರುವಾಗುವುದೇ ನಂಬಿಗಸ್ತನಾದ ದೇವರಿಗೆ ಸ್ತೋತ್ರ ಹೇಳಿ. ತೀರಿಕೊಂಡವರ ನೆನಪಿನಲ್ಲಿ, ಅವರು ನಂಬಿಗಸ್ತಿಕೆಯಿಂದ ಸೇವೆ ಮಾಡಿದರೆಂದು ಹೇಳುತ್ತೇವೆ. ಹೇಳಿ ಹೇಳಿ ಮಾತು ಸವೆದಿದೆ. ಸಭೆಯಲ್ಲಿ ನಂಬಿಗಸ್ತ ಎಂದರೆ ಭಾನುವಾರ ತಪ್ಪಿಸದವರು, ಉಪವಾಸ ಹಿಡಿಯುವವರು, ಗಟ್ಟಿ ದನಿಯಲ್ಲಿ ಕೀರ್ತನೆ ಹಾಡುವವರು ಎಂಬಲ್ಲಿಗೆ ಬಂದು ನಿಂತಿದೆ. ಇವೆಲ್ಲ ಒಳ್ಳೆಯವೇ, ನನಗೂ ಬೇಕಾದವೇ. ಆದರೆ ಆ ಮಾತಿಗೆ ಇದ್ದ ಬೀಗದ ಕೈ, ಗಲ್ಲಾ, ಲೆಕ್ಕದ ಪುಸ್ತಕ ಕಳಚಿಹೋದರೆ ಉಳಿಯುವುದು ಭಕ್ತಿಯ ದೊಡ್ಡಸ್ತಿಕೆ ಮಾತ್ರ.

ದಾನಿಯೇಲನ ಕಥೆಯನ್ನೇ ತೆಗೆದುಕೊಳ್ಳಿ. ಸಂಡೇ ಸ್ಕೂಲಿಗೆ ಹೋದ ಮಗುವಿಗೆಲ್ಲ ಸಿಂಹಗಳ ಗುಹೆ ಗೊತ್ತು. ಯೆರೂಸಲೇಮಿನ ಕಡೆಗೆ ಕಿಟಕಿ ತೆರೆದು ದಿನಕ್ಕೆ ಮೂರು ಸಾರಿ ಮೊಣಕಾಲೂರಿದ್ದೂ ಗೊತ್ತು. ಅದೇ ಆರನೇ ಅಧ್ಯಾಯದ ಮೊದಲ ಕೆಲವು ವಚನಗಳ ಮೇಲೆ ಪ್ರಸಂಗ ಕೇಳುವುದು ಅಪರೂಪ. ದಾರ್ಯಾವೆಷನ ರಾಜ್ಯದಲ್ಲಿ 120 ಮಂದಿ ದೇಶಾಧಿಪತಿಗಳು. ಅರಸನಿಗೆ ನಷ್ಟವಾಗದಂತೆ ಅವರಿಂದ ಲೆಕ್ಕ ತೆಗೆದುಕೊಳ್ಳಲು ಮೂವರು ಮೇಲಧಿಕಾರಿಗಳು. ಅವರಲ್ಲಿ ದಾನಿಯೇಲ ಒಬ್ಬ, ಸೆರೆಯಾಗಿ ಬಂದ ಪರದೇಶಿ. ಅವನ ಏಳಿಗೆ ಸಹಿಸದವರು ಮೊದಲು ಕೈ ಹಾಕಿದ್ದು ಅವನ ಪ್ರಾರ್ಥನೆಗಲ್ಲ, ಅವನ ಕಡತಗಳಿಗೆ. ರಾಜ್ಯದ ಕೆಲಸದಲ್ಲಿ ಎಲ್ಲಾದರೂ ಲಂಚ, ಅಸಡ್ಡೆ, ಒಂದು ತಪ್ಪು ಸಹಿ ಸಿಕ್ಕೀತೇ ಎಂದು ಹುಡುಕಿದರು. ಸಿಗಲಿಲ್ಲ, ಏಕೆಂದರೆ ಅವನು ನಂಬಿಗಸ್ತ. ಲೆಕ್ಕದಲ್ಲಿ ಸಿಕ್ಕಿಹಾಕಿಸಲು ಆಗದೆ ಹೋದದ್ದರಿಂದಲೇ ಅವರು ಅವನ ಕಿಟಕಿಯ ಕಡೆಗೆ ತಿರುಗಿದ್ದು. ಕಡತ ಚೊಕ್ಕಟವಾಗಿರದಿದ್ದರೆ ಸಿಂಹಗಳ ಕಥೆಯೇ ಇರುತ್ತಿರಲಿಲ್ಲ, ಭ್ರಷ್ಟ ಅಧಿಕಾರಿಯೊಬ್ಬನನ್ನು ಕೆಲಸದಿಂದ ತೆಗೆದ ಕಥೆ ಇರುತ್ತಿತ್ತು. ತಾಲ್ಲೂಕು ಕಚೇರಿಯಲ್ಲಿ, ಬ್ಯಾಂಕಿನಲ್ಲಿ, ಆಸ್ಪತ್ರೆಯ ರಾತ್ರಿ ಪಾಳಿಯಲ್ಲಿ ಕೆಲಸ ಮಾಡುವ ನಮ್ಮ ಮಕ್ಕಳಿಗೆ ಕಿಟಕಿಯ ಜೊತೆಗೆ ಕಡತವನ್ನೂ ತೋರಿಸಬೇಕು.

ಇನ್ನೊಂದು ಕಥೆ ಎರಡನೆಯ ಅರಸುಗಳ ಪುಸ್ತಕದ 12ನೇ ಅಧ್ಯಾಯದಲ್ಲಿದೆ. ಯೋವಾಷ ಅರಸನು ದೇವಾಲಯದ ದುರಸ್ತಿಗೆಂದು ಬಂದ ಹಣವನ್ನು ಯಾಜಕರ ವಶಕ್ಕೆ ಬಿಟ್ಟಿದ್ದ. ಅವನ ಆಳ್ವಿಕೆಯ 23ನೇ ವರ್ಷ ಬಂದರೂ ಒಂದು ಬಿರುಕೂ ಮುಚ್ಚಿರಲಿಲ್ಲ. ಆಗ ಮಹಾಯಾಜಕ ಯೆಹೋಯಾದನು ಒಂದು ಪೆಟ್ಟಿಗೆ ತರಿಸಿ, ಮುಚ್ಚಳಕ್ಕೆ ತೂತು ಕೊರೆಸಿ, ಯಜ್ಞವೇದಿಯ ಪಕ್ಕದಲ್ಲಿ ಇಡಿಸಿದ. ತುಂಬಿದಾಗ ಅರಸನ ಲೇಖಕನೂ ಮಹಾಯಾಜಕನೂ ಇಬ್ಬರೂ ಕೂಡಿ ಎಣಿಸಬೇಕು. ನಮ್ಮ ದೇವಾಲಯಗಳ ಬಾಗಿಲಲ್ಲಿರುವ ಕಾಣಿಕೆ ಪೆಟ್ಟಿಗೆಯ ಪೂರ್ವಜ ಅದು, ಮತ್ತು ಅದು ಹುಟ್ಟಿದ್ದು ಯಾಜಕರ ಕೈಯಲ್ಲಿ ಕೆಲಸ ಕೆಟ್ಟದ್ದರಿಂದ. ಅದೇ ಅಧ್ಯಾಯದ ಮುಂದಿನ ಸಾಲುಗಳಲ್ಲಿ ಆ ಹಣ ಬಡಗಿಗಳು, ಗಾರೆಯವರು, ಕಲ್ಲುಕುಟಿಗರ ಕೆಲಸಕ್ಕೆ ಹೋಗುತ್ತದೆ. ಅದನ್ನು ಹಂಚುವ ಮೇಸ್ತ್ರಿಗಳಿಂದ ಯಾರೂ ಲೆಕ್ಕ ಕೇಳಲಿಲ್ಲ. ಅವರು ನಂಬಿಗಸ್ತರಾಗಿದ್ದರು ಎಂಬುದೇ ಕಾರಣ. ವೇದಿಯ ಬಳಿ ನಿಲ್ಲುವವರಿಗೆ ಪೆಟ್ಟಿಗೆ, ಗಾರೆಯ ಕೆಲಸ ಮಾಡಿಸುವವರಿಗೆ ವಿಶ್ವಾಸ! ಯಾವ ಸಭೆಯ ಕಮಿಟಿಯೂ ಈ ಅಧ್ಯಾಯವನ್ನು ಓದದೆ ವಾರ್ಷಿಕ ಲೆಕ್ಕಪತ್ರ ಮಂಡಿಸಬಾರದು ಎನ್ನುವುದು ನನ್ನ ಗಟ್ಟಿಯಾದ ಅಭಿಪ್ರಾಯ.

ಆ ಎಣಿಕೆಯ ಕೆಲಸ ಈಗಲೂ ನಡೆಯುತ್ತದೆ. ಆರಾಧನೆ ಮುಗಿದು ಜನ ಅಂಗಳದಲ್ಲಿ ಕುಶಲ ವಿಚಾರಿಸುತ್ತಿರುವಾಗ ವೆಸ್ಟ್ರಿಯ ಮೇಜಿನ ಮೇಲೆ ಕಾಣಿಕೆಯ ಚೀಲಗಳನ್ನು ಬೋರಲು ಹಾಕುತ್ತಾರೆ. ಮಕ್ಕಳ ಬೆವರಿಗೆ ಒದ್ದೆಯಾದ ನಾಣ್ಯ, ನಾಲ್ಕು ಮಡಿಕೆಯಾದ ಹತ್ತರ ನೋಟು, ಯಾರೋ ಹರಕೆಯ ಹೆಸರು ಬರೆದ ಕವರು. ಒಬ್ಬರು ನೋಟು ಬಿಡಿಸಿ ಒಂದೇ ಮುಖಕ್ಕೆ ಜೋಡಿಸುತ್ತಾರೆ, ಇನ್ನೊಬ್ಬರು ನಾಣ್ಯ ಹತ್ತರಂತೆ ಪೇರಿಸುತ್ತಾರೆ. ಕೈ ಬದಲಿಸಿ ಮತ್ತೊಮ್ಮೆ ಎಣಿಸುತ್ತಾರೆ. ಒಂದು ರೂಪಾಯಿ ತಾಳೆಯಾಗದಿದ್ದರೆ ಕಿಸೆಯಿಂದ ಹಾಕಿ ಮುಗಿಸುವುದಿಲ್ಲ, ಚೀಲದ ಹೊಲಿಗೆಯೊಳಗೆ ಬೆರಳು ಹಾಕಿ ಹುಡುಕುತ್ತಾರೆ. ಆಮೇಲೆ ರಿಜಿಸ್ಟರಿನಲ್ಲಿ ಅಂಕಿಯಲ್ಲೂ ಅಕ್ಷರದಲ್ಲೂ ಬರೆದು ಇಬ್ಬರೂ ಸಹಿ ಹಾಕುತ್ತಾರೆ. ಅಲ್ಲಿ ಹಾಡಿಲ್ಲ, ಆಮೆನ್ ಇಲ್ಲ, ಬೆಳಗಿನ ಆರಾಧನೆ ಮಾತ್ರ ಆ ಮೇಜಿನ ಮೇಲೆ ಮುಂದುವರಿಯುತ್ತಿರುತ್ತದೆ ಎಂದು ನಾನು ನಂಬಿದ್ದೇನೆ.

ಮಂಗಳೂರಿನ ಜೆಪ್ಪುವಿನಲ್ಲಿ 1865ರಲ್ಲಿ ಬಾಸೆಲ್ ಮಿಷನ್ನಿನ ಜಾರ್ಜ್ ಪ್ಲೆಬ್ಸ್ಟ್ ಹೆಂಚಿನ ಕಾರ್ಖಾನೆ ಶುರುಮಾಡಿದ್ದೂ ಈ ಸಾಲಿಗೇ ಸೇರುತ್ತದೆ. ಕ್ರೈಸ್ತರಾದದ್ದಕ್ಕೆ ಮನೆಯಿಂದ, ಕುಲಕಸುಬಿನಿಂದ ಹೊರಬಿದ್ದವರಿಗೆ ಮಿಷನ್ ನೇಯ್ಗೆ ಕಲಿಸಿತು, ಹೆಂಚು ಸುಡುವುದನ್ನು ಕಲಿಸಿತು. ಆ ಹೆಂಚು ಕೊಂಡವರು ಎಲ್ಲ ಜಾತಿ, ಎಲ್ಲ ಮತದವರು. ಅವರಿಗೆ ಬೇಕಾದದ್ದು ಕರಾವಳಿಯ ಮಳೆಗೆ ಸೋರದ ಮಾಡು. ಹೆಂಚು ಮಾಡಿದವರ ಭಕ್ತಿ ಎಂಥದ್ದೆಂದು ಅವರಿಗೆ ತಿಳಿದದ್ದು ಮಳೆಗಾಲದಲ್ಲಿ.

ಇಷ್ಟಾದರೂ ಮಾತು ಇನ್ನೂ ದುಡಿಯುವವರ ಸುತ್ತಲೇ ಸುಳಿಯುತ್ತಿದೆ. ದುಡಿಸುವವರಿಗೆ ಅದು ತಾಗುವುದು ಎಲ್ಲಿ? ಮೋಶೆಯ ಧರ್ಮಶಾಸ್ತ್ರ ಇದಕ್ಕೆ ಗಡಿಯಾರದ ಮುಳ್ಳಿನಷ್ಟು ಖಚಿತವಾದ ಉತ್ತರ ಕೊಡುತ್ತದೆ. ಕೂಲಿಯವನ ಕೂಲಿಯನ್ನು ರಾತ್ರಿಯೆಲ್ಲ ನಿನ್ನ ಬಳಿ ಇಟ್ಟುಕೊಳ್ಳಬೇಡ, ಹೊತ್ತು ಮುಳುಗುವ ಮುಂಚೆ ಕೊಡು ಎನ್ನುತ್ತದೆ. ಹಿಡಿದಿಟ್ಟ ಕೂಲಿ ತಾನೇ ಕೂಗಿಕೊಳ್ಳುತ್ತದೆ, ಆ ಕೂಗು ದೇವರ ಕಿವಿಗೆ ಬೀಳುತ್ತದೆ ಎಂದು ಯಾಕೋಬನ ಪತ್ರ ಎಚ್ಚರಿಸುತ್ತದೆ. ನಾವು ಬೆಳಗ್ಗೆ ಮಾಡುವ ಪ್ರಾರ್ಥನೆ ಮತ್ತು ನಾವು ಕೊಡದೆ ಉಳಿಸಿಕೊಂಡ ಸಂಬಳ, ಎರಡೂ ಒಂದೇ ಕಿವಿಗೆ ಹೋಗುತ್ತವೆ ಎಂಬುದನ್ನು ಯೋಚಿಸಿದರೆ ಭಯವಾಗುತ್ತದೆ.

ನನಗೆ ಪರಿಚಯದ ನಿವೃತ್ತ ಶಿಕ್ಷಕಿಯೊಬ್ಬರ ಮನೆಯಲ್ಲಿ ವಾರಕ್ಕೊಮ್ಮೆ ಮನೆ ಪ್ರಾರ್ಥನೆ ನಡೆಯುತ್ತದೆ. ಅವರ ಅಡುಗೆಮನೆಯ ಮೊಳೆಗೆ ಒಂದು ನೋಟುಬುಕ್ಕು ದಾರದಲ್ಲಿ ನೇತಾಡುತ್ತಿರುತ್ತದೆ. ಮನೆಗೆಲಸಕ್ಕೆ ಬರುವ ಹೆಂಗಸಿನ ಸಂಬಳ, ಮುಂಗಡ, ಹಬ್ಬದ ಉಡುಗೊರೆ ಎಲ್ಲ ಅದರಲ್ಲಿದೆ. ಬರೆಯುವುದು ಟೀಚರಮ್ಮ, ಓದಿ ಸರಿಯಿದೆ ಎಂದು ಗುರುತು ಹಾಕುವುದು ಆ ಹೆಂಗಸು. ಪುಟದ ಅಂಚಿನಲ್ಲಿ ಅರಿಶಿನದ ಬೆರಳಿನ ಗುರುತುಗಳಿವೆ. ಪಿಂಚಣಿ ಬಂದ ದಿನ ಟೀಚರಮ್ಮ ಎರಡು ಕವರುಗಳನ್ನು ಮಾಡುತ್ತಾರೆ. ‘ದಶಮಾಂಶ ಆಮೇಲೆ ತೆಗೆದಿಡ್ತೀನಪ್ಪ, ಮೊದಲು ಇವಳದ್ದು ಇವಳಿಗೆ ಸೇರಲಿ. ದೇವರಿಗೆ ಮನೆ ಬಾಡಿಗೆ ಕಟ್ಟೋ ಕಷ್ಟ ಇಲ್ಲ’ ಎಂದರು ಒಮ್ಮೆ. ನಾನು ಹೊರಟಾಗ ಆ ಹೆಂಗಸು ಗೇಟಿನ ಹತ್ತಿರ, ‘ನಮ್ಮಮ್ಮ ಹೇಳಿದ್ರೆ ಹೇಳಿದ ಹಾಗೆ ಸಾರ್, ನಂಬಬೋದು’ ಎಂದಳು. ಧಣಿಯ ಬಗ್ಗೆ ಆಳು ಕೊಟ್ಟ ಸಾಕ್ಷಿಯನ್ನು ನಾನು ಹೀಗೆ ನೇರವಾಗಿ ಕೇಳಿದ್ದು ಅಲ್ಲಿ. ಆಕೆ ಕ್ರೈಸ್ತಳಲ್ಲ, ನಮ್ಮ ಬೈಬಲು ಓದಿದವಳಲ್ಲ. ನಮ್ಮ ಸಭೆಯಲ್ಲಿ ಯಾರ ಬಗ್ಗೆಯೂ ಅದಕ್ಕಿಂತ ತೂಕದ ಮಾತು ನನಗೆ ಕೇಳಿಸಿಲ್ಲ.

ಓದುವ ಅಕ್ಕಂದಿರಲ್ಲಿ, ಅಣ್ಣಂದಿರಲ್ಲಿ ನನ್ನದೊಂದು ಬೇಡಿಕೆ. ತಿಂಗಳ ಒಂದನೇ ತಾರೀಖು ಭಾನುವಾರ ಬಿದ್ದರೆ, ಮನೆಗೆಲಸದವರ, ಅಂಗಡಿ ಹುಡುಗರ, ತೋಟದವರ ಸಂಬಳವನ್ನು ಶನಿವಾರ ಹೊತ್ತು ಮುಳುಗುವ ಮುಂಚೆಯೇ ಕೊಟ್ಟು ಮುಗಿಸಿ, ಆಮೇಲೆ ಆರಾಧನೆಗೆ ಬನ್ನಿ.