ಆಟದ ಹಾಡಿನಿಂದ ಸ್ವರದೆಡೆಗೆ: ಹಂಗರಿಯ ಶಿಶುಸಂಗೀತ ಶಿಕ್ಷಣದ ಇತಿಹಾಸ

ಎಳೆಯ ಮಕ್ಕಳಿಗೆ ಸಂಗೀತ ಕಲಿಸುವ ಹಂಗರಿಯ ಪದ್ಧತಿಯು ಸಂಗೀತ ಸಂಯೋಜಕ ಜೋಲ್ಟಾನ್ ಕೊಡಾಯ್ (1882–1967) ಅವರ ಹೆಸರಿನಿಂದಲೇ ಇಂದು ಪ್ರಸಿದ್ಧವಾಗಿದ್ದರೂ, ಅದು ಬಳಸುವ ಬೋಧನೋಪಾಯಗಳಲ್ಲಿ ಮುಖ್ಯವಾದವು ಇಂಗ್ಲೆಂಡು ಮತ್ತು ಫ್ರಾನ್ಸುಗಳಿಂದ ಬಂದವು. ಆ ಎರವಲು ಉಪಾಯಗಳಿಗೆ ಜೀವ ತುಂಬಿದ್ದು ಹಂಗರಿಯ ಹಳ್ಳಿಮಕ್ಕಳು ಹಾಡಿಕೊಂಡು ಆಡುತ್ತಿದ್ದ ಆಟಗಳು.

1905ರಿಂದ ಕೊಡಾಯ್ ಹಳ್ಳಿಹಳ್ಳಿ ತಿರುಗಿ ಜನಪದ ಹಾಡುಗಳನ್ನು ಸಂಗ್ರಹಿಸತೊಡಗಿದರು. ಬೇಲಾ ಬಾರ್ತೋಕ್ ಅವರೂ ಬೇಗನೆ ಈ ಕೆಲಸದಲ್ಲಿ ಜೊತೆಯಾದರು. ಹಂಗರಿಯ ಹಾಡುಗಳ ಅತಿ ಹಳೆಯ ಪದರವು ಐದೇ ಸ್ವರಗಳ ಮೇಲೆ, ನಮ್ಮ ಶುದ್ಧ ಧನ್ಯಾಸಿಯನ್ನು ನೆನಪಿಸುವ ಸ್ವರಸಮೂಹದ ಮೇಲೆ ನಿಂತಿದೆ ಎಂಬುದು ಅವರ ಸಂಗ್ರಹದಿಂದ ಸ್ಪಷ್ಟವಾಯಿತು. ಹಳ್ಳಿಯಲ್ಲಿ ಇಂಥ ಸಂಪತ್ತಿರುವಾಗ ಪಟ್ಟಣದ ಮಕ್ಕಳು ಅದರ ಅರಿವೇ ಇಲ್ಲದೆ ಬೆಳೆಯುತ್ತಿರುವುದು ಕೊಡಾಯ್ ಅವರನ್ನು ಬಾಧಿಸಿತು. 1925ರಲ್ಲಿ ಅವರು ಮಕ್ಕಳ ಮೇಳಗಾನಕ್ಕಾಗಿಯೇ ಕೃತಿಗಳನ್ನು ರಚಿಸತೊಡಗಿದರು. 1941ರಲ್ಲಿ ಶಿಶುವಿಹಾರದ ಸಂಗೀತವನ್ನು ಕುರಿತು ಬರೆದ ಪ್ರಬಂಧದಲ್ಲಿ, ಮೂರರಿಂದ ಏಳು ವರ್ಷದೊಳಗೆ ಕಿವಿಗೆ ಬಿದ್ದದ್ದು ಬದುಕಿನುದ್ದಕ್ಕೂ ಉಳಿಯುವುದರಿಂದ ಆ ವಯಸ್ಸಿನಲ್ಲಿ ಕೀಳು ಹಾಡುಗಳನ್ನು ಕಲಿಸಲೇಬಾರದೆಂದು ವಾದಿಸಿದರು.

ಹಾಗಾದರೆ ಕಲಿಸಬೇಕಾದದ್ದು ಯಾವುದನ್ನು? ಇದಕ್ಕೆ ಉತ್ತರ ಆಟದ ಹಾಡುಗಳಲ್ಲಿತ್ತು. ಇಬ್ಬರು ಮಕ್ಕಳು ಎದುರುಬದುರು ನಿಂತು, ಕೈಗಳನ್ನು ಮೇಲಕ್ಕೆತ್ತಿ ಹಿಡಿದು ಬಾಗಿಲು ಮಾಡುತ್ತಾರೆ. ಉಳಿದವರು ಒಬ್ಬರ ಹಿಂದೊಬ್ಬರು ಸಾಲಾಗಿ, ಹಾಡುತ್ತ, ಹಾಡಿನ ಗತಿಗೆ ಸರಿಯಾಗಿ ಹೆಜ್ಜೆಯಿಡುತ್ತ ಅದರಡಿ ನುಸುಳುತ್ತಾರೆ. ಹಾಡು ಮುಗಿದ ಕ್ಷಣಕ್ಕೆ ಬಾಗಿಲು ಮುಚ್ಚಿ ಒಬ್ಬರು ಸಿಕ್ಕಿಬೀಳುತ್ತಾರೆ. ಹಾಡು ಎಲ್ಲಿ ಮುಗಿಯುತ್ತದೆ ಎಂಬುದನ್ನು ಮೈಯೆಲ್ಲ ಕಿವಿಯಾಗಿ ಕಾಯುವ ಮಗುವಿಗೆ ಲಯವನ್ನೂ ಪಲ್ಲವಿಯ ಅಳತೆಯನ್ನೂ ಬೇರೆಯಾಗಿ ವಿವರಿಸಬೇಕಾಗಿಲ್ಲ. ಇಂಥ ಹಾಡುಗಳಲ್ಲಿ ಅನೇಕವು ಎರಡು ಮೂರು ಸ್ವರಗಳಲ್ಲೇ ಸುಳಿಯುತ್ತವೆ: ಪಂಚಮದಿಂದ ಅಂತರ ಗಾಂಧಾರಕ್ಕೆ ಇಳಿಯುವುದು, ಅನಂತರ ಮೇಲಿನ ಧೈವತವನ್ನು ಮುಟ್ಟಿ ಬರುವುದು. ಕರ್ನಾಟಕ ಸಂಗೀತ ಕಲಿಯುವ ಮಗು ಮಾಯಾಮಾಳವಗೌಳದ ಏಳೂ ಸ್ವರಗಳೊಡನೆ ಸರಳೆ ವರಸೆಯನ್ನು ಆರಂಭಿಸಿದರೆ, ಅರ್ಧಸ್ವರದಷ್ಟೇ ಅಂತರವಿರುವ ಸ್ವರಗಳು ಎಳೆಯ ಗಂಟಲಿಗೆ ಕಷ್ಟವೆಂದು ಕೊಡಾಯ್ ಅವುಗಳನ್ನು ಮುಂದಿನ ಹಂತಕ್ಕೆ ಇಟ್ಟರು. ಎರಡು ಪರಂಪರೆಗಳ ಈ ಭಿನ್ನತೆ ಹೆಚ್ಚಿನ ಅಧ್ಯಯನಕ್ಕೆ ಅರ್ಹವಾದುದು.

ಇನ್ನು ಎರವಲು ಉಪಾಯಗಳ ಮಾತು. ಇಂಗ್ಲೆಂಡಿನ ನಾರ್ವಿಚ್‌ನಲ್ಲಿ ಸಾರಾ ಗ್ಲೋವರ್ ಎಂಬ ಶಿಕ್ಷಕಿ ಸ್ವರಾಕ್ಷರಗಳ ಮೂಲಕ ಹಾಡು ಕಲಿಸುವ ಕ್ರಮವೊಂದನ್ನು ರೂಪಿಸಿ 1835ರಲ್ಲಿ ಪ್ರಕಟಿಸಿದ್ದರು. ನಮ್ಮ ಷಡ್ಜದಂತೆ ಇಲ್ಲಿಯೂ ‘ದೋ’ ಎಂಬುದು ನಿಶ್ಚಿತ ಶ್ರುತಿಗೆ ಕಟ್ಟುಬೀಳದೆ ಹಾಡುವವರ ಅನುಕೂಲಕ್ಕೆ ತಕ್ಕಂತೆ ಸ್ಥಾನ ಬದಲಿಸುತ್ತದೆ. ಜಾನ್ ಕರ್ವೆನ್ ಎಂಬ ಪಾದ್ರಿ ಈ ಕ್ರಮವನ್ನು ಬೆಳೆಸಿ, 1870ರ ಸುಮಾರಿಗೆ ಪ್ರತಿ ಸ್ವರಕ್ಕೂ ಒಂದು ಕೈಸನ್ನೆಯನ್ನು ಸೇರಿಸಿದರು: ‘ದೋ’ಗೆ ಬಿಗಿದ ಮುಷ್ಟಿ, ‘ಮಿ’ಗೆ ನೆಲಕ್ಕೆ ಸಮನಾಗಿ ಚಾಚಿದ ಅಂಗೈ, ‘ಸೋ’ಗೆ ಎದೆಯತ್ತ ತಿರುಗಿದ ಅಂಗೈ. ಹಂಗರಿಯವರು ಈ ಸನ್ನೆಗಳನ್ನು ಸ್ವರ ಏರಿದಂತೆ ಕೈಯೂ ಏರುವಂತೆ ಅಳವಡಿಸಿಕೊಂಡದ್ದರಿಂದ ಕಿವಿ ಕೇಳಿದ ಏರಿಳಿತವನ್ನು ಕಣ್ಣು ನೋಡುವಂತಾಯಿತು. ತಾಳಕ್ಕೆ 19ನೆಯ ಶತಮಾನದ ಫ್ರಾನ್ಸಿನಿಂದ ಬಂದ ‘ತಾ’, ‘ತಿ’ ಎಂಬ ಅಕ್ಷರಗಳು ನೆರವಾದವು. ಇವು ನಮ್ಮ ಸೊಲ್ಲುಕಟ್ಟುಗಳ ದೂರದ ಬಂಧುಗಳೆನ್ನಬಹುದು.

ಕೊಡಾಯ್ ಅವರ ಹುಟ್ಟೂರಾದ ಕೆಚ್ಕೆಮೇತ್‌ನಲ್ಲಿ 1950ರಲ್ಲಿ ಪ್ರತಿದಿನವೂ ಹಾಡುಗಾರಿಕೆಯ ಪಾಠವಿರುವ ಮೊದಲ ಪ್ರಾಥಮಿಕ ಶಾಲೆ ಆರಂಭವಾಯಿತು. ಮರುವರ್ಷ ಹೊರಬಂದ ಹಂಗರಿಯ ಜನಪದ ಸಂಗೀತದ ಬೃಹತ್ ಸಂಕಲನಮಾಲೆಯ ಮೊದಲ ಸಂಪುಟವು ಪೂರ್ಣವಾಗಿ ಮಕ್ಕಳ ಆಟಗಳಿಗೇ ಮೀಸಲಾಗಿತ್ತು. ವಿದ್ವಾಂಸರು ಇಂಥ ಮಾಲೆಗಳಲ್ಲಿ ಮಕ್ಕಳ ಹಾಡನ್ನು ಅನುಬಂಧಕ್ಕೆ ತಳ್ಳುವುದೇ ವಾಡಿಕೆಯಾಗಿರುವಾಗ ಅದಕ್ಕೆ ಮೊದಲ ಮಣೆ ಹಾಕಿದ್ದು ಗೌರವಕ್ಕೆ ಪಾತ್ರವಾದ ನಿರ್ಧಾರ. 1964ರಲ್ಲಿ ಬುಡಾಪೆಸ್ಟ್‌ನಲ್ಲಿ ನಡೆದ ಅಂತರರಾಷ್ಟ್ರೀಯ ಸಂಗೀತ ಶಿಕ್ಷಣ ಸಮ್ಮೇಳನಕ್ಕೆ ಬಂದ ಹೊರನಾಡಿನ ಶಿಕ್ಷಕರು ಪುಟ್ಟ ಮಕ್ಕಳ ಶುದ್ಧ ಶ್ರುತಿಗೆ ಬೆರಗಾಗಿ, ಕಣ್ಣಿಗೆ ಮೊದಲು ಬಿದ್ದ ಕೈಸನ್ನೆಗಳನ್ನು ತಮ್ಮ ದೇಶಗಳಿಗೆ ಕೊಂಡೊಯ್ದರು. ಅಮೆರಿಕದಲ್ಲಿ ಕೆಲವು ಕಾಲ ಹಂಗರಿಯ ಪಾಠಕ್ರಮವನ್ನೇ ಅನುಸರಿಸಲಾಯಿತು. ಹಂಗರಿಯ ನುಡಿಯ ಒತ್ತು ಇಂಗ್ಲಿಷ್ ಮಾತಿಗೆ ಹೊಂದದೆಂಬುದು ಅರಿವಾದ ಮೇಲೆ ಅಲ್ಲಿನ ಶಿಕ್ಷಕರು ತಮ್ಮದೇ ನಾಡಿನ ಮಕ್ಕಳ ಆಟದ ಹಾಡುಗಳನ್ನು ಹುಡುಕಿ ಬರೆದಿಟ್ಟುಕೊಳ್ಳತೊಡಗಿದರು.