ತಿರುಗುವ ಕುರಿ, ಹಟ್ಟಿಯ ನಾಯಿ

ಸುಗ್ಗಿ ಮುಗಿದು ಜೋಳದ ಹೊಲ ಬರಿದಾದರೆ ಇಂಡಿ, ಸಿಂದಗಿ, ಬಸವನ ಬಾಗೇವಾಡಿ ಸೀಮೆಯ ಎರೆಭೂಮಿಯಲ್ಲಿ ಕುರಿಹಟ್ಟಿ ಬೀಳುತ್ತದೆ. ಗೊಬ್ಬರದ ಆಸೆಗೆ ರೈತ ಕುರಿ ನಿಲ್ಲಿಸಿಕೊಳ್ಳುತ್ತಾನೆ, ಕುರಿಗಾರನಿಗೆ ಕಾಳು ಅಳೆಯುತ್ತಾನೆ. ಇಲ್ಲಿನ ಕುರುಬರ ಕುರಿ ಸಾಕಣೆ, ಕಂಬಳಿ ನೇಯ್ಗೆಯ ಮಾತು 1884ರ ವಿಜಾಪುರ ಗ್ಯಾಝೆಟಿಯರಿನಲ್ಲೂ ಇದೆ. ಮುದ್ದೇಬಿಹಾಳದ ಕೃಷ್ಣೆಯ ದಂಡೆಯಿಂದ ಇಂಡಿಯ ಭೀಮೆಯ ದಂಡೆಯವರೆಗೆ ಹಟ್ಟಿಗೆ ಕಾವಲು ನಾಯಿಯದೇ.

ಆ ನಾಯಿಯ ಕರುಳಿಗೂ ಕುರಿಯ ಮಿದುಳಿಗೂ ಹಳೆಯ ನಂಟಿದೆ.

ಚೆನ್ನಾಗಿ ಮೇಯುತ್ತಿದ್ದ ಮರಿ ಹಿಂಡಿನಿಂದ ಹಿಂದುಳಿಯುತ್ತದೆ, ತಲೆ ವಾರೆ ಮಾಡಿ ಗಾಣದೆತ್ತಿನಂತೆ ಸುತ್ತುತ್ತದೆ. ಸತ್ತ ಮೇಲೆ ತಲೆ ಒಡೆದರೆ ಮಿದುಳಿನಲ್ಲಿ ನೀರು ತುಂಬಿದ ಗುಳ್ಳೆ. ಹಿಪೊಕ್ರೆಟಿಸನ ಹೆಸರಿನಲ್ಲಿರುವ, ಕ್ರಿಸ್ತಪೂರ್ವ 400ರ ಸುಮಾರಿನ ಗ್ರೀಕ್ ವೈದ್ಯಗ್ರಂಥವೊಂದು ಮೂರ್ಛೆರೋಗ ದೇವರ ಕೋಪವಲ್ಲವೆಂದು ಸಾಧಿಸಲು ಇಂಥದೇ ಸಾಕ್ಷಿ ಮುಂದಿಟ್ಟಿತು: ರೋಗ ಬಡಿದ ಆಡಿನ ಮಿದುಳು ನೀರುಗಟ್ಟಿ ನಾರುತ್ತಿರುತ್ತದೆ.

ಆ ನೀರಿನ ಮೂಲ ಸಿಕ್ಕಿದ್ದು ಎರಡು ಸಾವಿರ ವರ್ಷಗಳ ಮೇಲೆ. 1850ರ ದಶಕದಲ್ಲಿ ಜರ್ಮನಿಯ ವೈದ್ಯ ಫ್ರೀಡ್ರಿಕ್ ಕ್ಯೂಖೆನ್‌ಮೈಸ್ಟರ್ ಈ ಗುಳ್ಳೆಗಳನ್ನು ನಾಯಿಗೆ ತಿನ್ನಿಸಿದ. ಕರುಳಿನಲ್ಲಿ ಲಾಡಿಹುಳು ಬೆಳೆದವು. ಹುಳುವಿನ ತುಣುಕುಗಳನ್ನು ಕುರಿಗೆ ತಿನ್ನಿಸಿದ, ಕುರಿ ಸುತ್ತತೊಡಗಿತು. ನಾಯಿಯ ಮಲದೊಡನೆ ಹುಲ್ಲಿಗೆ ಬೀಳುವ ಮೊಟ್ಟೆ ಕುರಿಯ ಹೊಟ್ಟೆ ಸೇರುತ್ತದೆ, ಮರಿಹುಳು ರಕ್ತದ ಜೊತೆ ಮಿದುಳಿಗೆ ಏರುತ್ತದೆ. ಆರೆಂಟು ತಿಂಗಳಲ್ಲಿ ಗುಳ್ಳೆ ಕೋಳಿಮೊಟ್ಟೆಯಷ್ಟಾಗಬಲ್ಲದು. ಒಳಗೋಡೆಯ ತುಂಬ ನೂರಾರು ಹುಳುತಲೆಗಳು.

ಗುಳ್ಳೆ ಮೇಲ್ಪದರದಲ್ಲಿದ್ದರೆ ಅದರ ಮೇಲಿನ ತಲೆಬುರುಡೆ ಕೆಲವೊಮ್ಮೆ ತೆಳುವಾಗಿ, ಒತ್ತಿದರೆ ಬೆರಳಿಗೆ ಮೆತ್ತಗೆ ಹತ್ತುತ್ತದೆ. ಕುರಿ ಸುತ್ತುವ ದಿಕ್ಕು, ಕುರುಡಾದ ಕಣ್ಣು ನೋಡಿಯೂ ಪಶುವೈದ್ಯರು ಜಾಗ ಗುರುತಿಸುತ್ತಾರೆ. ಅಲ್ಲಿ ಬುರುಡೆ ಕೊರೆದು, ನೀರು ಹೀರಿ, ಗುಳ್ಳೆಯ ಚೀಲವನ್ನು ಇಡಿಯಾಗಿ ಎಳೆದು ತೆಗೆದರೆ ಕುರಿ ಮತ್ತೆ ನೆಟ್ಟಗೆ ನಡೆಯಬಹುದು.

ನಾಯಿಯ ತಲೆಯಲ್ಲೂ ನೀರು ತುಂಬುವುದುಂಟು. ಅದು ಬೇರೆಯೇ ರೋಗ: ಪೊಮೆರೇನಿಯನ್, ಚಿವಾವಾದಂಥ ಪುಟ್ಟ ತಳಿಗಳಲ್ಲಿ ಹುಟ್ಟಿನಿಂದಲೇ ಮಿದುಳಿನ ಕುಹರಗಳು ಹಿಗ್ಗುತ್ತವೆ. ಅದಕ್ಕೆ ಸ್ಕ್ಯಾನ್ ಬೇಕು, ನೀರನ್ನು ಹೊಟ್ಟೆಗೆ ಇಳಿಸುವ ಸಣ್ಣ ನಳಿಕೆ ಬೇಕಾಗಬಹುದು.

ಹಟ್ಟಿಯ ರೋಗಕ್ಕೆ ಅಷ್ಟು ಬೇಕಿಲ್ಲ. ಕುರಿ ಕೊಯ್ದಾಗ ಹಸಿ ತಲೆಯನ್ನು ನಾಯಿಗೆ ಎಸೆಯುವ ರೂಢಿಯೇ ಈ ಹುಳುವಿಗೆ ದಾರಿ. ತಲೆಯನ್ನು ಚೆನ್ನಾಗಿ ಬೇಯಿಸಿದರೆ, ಇಲ್ಲವೇ ಆಳವಾಗಿ ಹೂತರೆ ಆ ದಾರಿ ಮುಚ್ಚುತ್ತದೆ. ಸುಮಾರು ಆರು ವಾರಕ್ಕೇ ನಾಯಿಯೊಳಗಿನ ಹುಳು ಬಲಿತು ಮೊಟ್ಟೆ ಉದುರಿಸುತ್ತದೆ. ಅದಕ್ಕೇ ಪ್ರಾಜಿಕ್ವಾಂಟೆಲ್ ಗುಳಿಗೆ ಹಟ್ಟಿಯ ಪ್ರತಿ ನಾಯಿಗೂ ಮತ್ತೆ ಮತ್ತೆ ಬೀಳಬೇಕು, ಹಟ್ಟಿ ಮುಂದಿನ ಹೊಲಕ್ಕೆ ಏಳುವ ಮೊದಲು.